ಗುಜರಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ

(ಶಿವಮೊಗ್ಗದಲ್ಲಿ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರಿಗಾಗಿ ಏರ್ಪಡಿಸಿದ್ದ ದುರಸ್ತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನದಿ, ಕಾಡು, ಗಣಿ, ಅಣೆಕಟ್ಟುಗಳ ಕುರಿತು ಮಾತನಾಡುವ ನಮ್ಮ ಬಳಗದ ಮೇಜಿನ ಮೇಲೆ ಇಂದು ಒಂದು ಹಳೆಯ ಸ್ಪೀಕರ್ ಪೆಟ್ಟಿಗೆ ಕುಳಿತಿರುವುದನ್ನು ಕಂಡು ಕೆಲವರು ನಕ್ಕಿರಿ. ಕೃಷಿ ವಿಜ್ಞಾನ ಓದಿದವರಿಗೂ ಈ ಪೆಟ್ಟಿಗೆಗೂ ಏನು ಸಂಬಂಧ ಎಂದು ಬಾಗಿಲಲ್ಲೇ ಒಬ್ಬರು ಕೇಳಿಯೂ ಬಿಟ್ಟರು. ಸಂಬಂಧವಿದೆ. ಗಿಡದ ಎಲೆ ಹಳದಿಯಾದಾಗ ಕಾರಣವನ್ನು ಹುಡುಕದೆ ಗಿಡವನ್ನೇ ಕಿತ್ತುಹಾಕುವ ರೈತನಿಲ್ಲ. ಆದರೆ ಸ್ಪೀಕರಿನ ಧ್ವನಿ ಮಂಕಾದಾಗ ಪೆಟ್ಟಿಗೆಯನ್ನೇ ಗುಜರಿಗೆ ಹಾಕುವವರು ನಮ್ಮ ಮನೆಮನೆಯಲ್ಲೂ ಇದ್ದಾರೆ. ನಾನೂ ಅವರಲ್ಲೊಬ್ಬನಾಗುವುದರಲ್ಲಿದ್ದೆ.

ಈ ಪೆಟ್ಟಿಗೆಯನ್ನು ಮಾಡಿದವರು ನನ್ನ ಸೋದರಮಾವ. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವರು 1980ರ ದಶಕದ ಕೊನೆಯಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಎರಡು ವೂಫರ್, ಎರಡು ಟ್ವೀಟರ್ ಕೊಂಡು ತಂದರು. ಪ್ಲೈವುಡ್ಡಿನ ಪೆಟ್ಟಿಗೆಗೆ ಹಲಸಿನ ಹಲಗೆಯ ಮುಖ ಕೂರಿಸಿದರು. ತಾಮ್ರದ ಸುರುಳಿಯನ್ನು ಕೈಯಾರೆ ಸುತ್ತಿದರು. ನ್ಯೂಟೌನಿನ ಅವರ ಮನೆಯಲ್ಲಿ ಸಂಜೆಯ ಹೊತ್ತು ಭದ್ರಾವತಿ ಆಕಾಶವಾಣಿ ಕೇಳಿಸುತ್ತಿದ್ದುದು ಇವುಗಳಿಂದಲೇ. ನಿವೃತ್ತರಾಗಿ ಊರಿಗೆ ಬಂದಾಗ ಪೆಟ್ಟಿಗೆಗಳೂ ಬಂದವು. ಕೆಲವು ವರ್ಷ ನಡುಮನೆಯಲ್ಲಿದ್ದವು, ಆಮೇಲೆ ಒಲೆಯ ಮೇಲಿನ ಅಟ್ಟವನ್ನು ಸೇರಿದವು. ಕೆಳಗಿಳಿಸಿ ಹಾಡು ಹಾಕಿದರೆ ಕಂಬಳಿ ಹೊದ್ದುಕೊಂಡು ಹಾಡಿದಂತೆ ಕೇಳುತ್ತಿತ್ತು. ಗುಜರಿಯವನು ತೂಕದ ಲೆಕ್ಕದಲ್ಲಿ ಒಯ್ಯಲು ಸಿದ್ಧನಿದ್ದ. ಕೊಡುವ ಮುನ್ನ ಒಮ್ಮೆ ಬಿಚ್ಚಿ ನೋಡೋಣವೆಂದು ಹಿಂಬದಿಯ ತಿರುಪುಗಳನ್ನು ಕಳಚಿದೆ. ಅಲ್ಲಿಂದ ಮುಂದೆ ಕಲಿತದ್ದನ್ನು, ಮಾಡಿದ ತಪ್ಪನ್ನೂ ಸೇರಿಸಿ, ನಿಮ್ಮ ಮುಂದಿಡುತ್ತೇನೆ.

ಮೊದಲು ಒಳಗೆ ಏನಿದೆ ಎಂಬುದನ್ನು ನೋಡೋಣ. ದೊಡ್ಡ ಕೋನಿನ ವೂಫರ್ ತಗ್ಗಿನ ಸ್ವರಗಳನ್ನೂ ನಡುವಿನ ಸ್ವರಗಳನ್ನೂ ನುಡಿಸುತ್ತದೆ. ಚಿಕ್ಕ ಟ್ವೀಟರ್ ಏರುಸ್ವರಗಳನ್ನು ನುಡಿಸುತ್ತದೆ. ಇವೆರಡಕ್ಕೂ ಕೆಲಸ ಹಂಚಿಕೊಡುವ ಭಾಗವೇ ಕ್ರಾಸ್‌ಓವರ್. ತೋಟದ ಕಾಲುವೆಯಲ್ಲಿ ಇಂತಿಷ್ಟು ನೀರು ಈ ಕಡೆಗೆ, ಇಂತಿಷ್ಟು ಆ ಕಡೆಗೆ ಎಂದು ಕಟ್ಟುವ ಒಡ್ಡಿನಂತೆ ಇದು. ಟ್ವೀಟರಿನ ದಾರಿಯಲ್ಲಿ ಕೂತ ಕೆಪ್ಯಾಸಿಟರ್ ತಗ್ಗಿನ ತರಂಗಗಳನ್ನು ತಡೆದು ಏರುತರಂಗಗಳನ್ನು ಬಿಡುತ್ತದೆ. ವೂಫರಿನ ದಾರಿಯಲ್ಲಿ ಕೂತ ತಾಮ್ರದ ಸುರುಳಿ ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡುತ್ತದೆ. ಮನೆಯಲ್ಲಿ ಮಾಡಿದ ಸರಳ ಪೆಟ್ಟಿಗೆಗಳಲ್ಲಿ ಈ ಎರಡೇ ಭಾಗಗಳಿರುವುದು ಸಾಮಾನ್ಯ. ಕೆಲವದರಲ್ಲಿ ಒಂದೆರಡು ರೆಸಿಸ್ಟರುಗಳೂ ಇರುತ್ತವೆ.

ಲೆಕ್ಕ ಸುಲಭ. 8 ಓಮ್‌ನ ಟ್ವೀಟರಿಗೆ 5 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿದರೆ ಸುಮಾರು 4000 ಹರ್ಟ್ಸ್‌ನಲ್ಲಿ ಗಡಿ ಬೀಳುತ್ತದೆ. ವೂಫರಿಗೆ ಅದೇ ಗಡಿ ಬೇಕಾದರೆ ಸುಮಾರು 0.32 ಮಿಲಿಹೆನ್ರಿಯ ಸುರುಳಿ ಬೇಕು. ವಿದ್ಯಾರ್ಥಿಗಳು ಪಿ.ಯು.ಸಿ. ಭೌತಶಾಸ್ತ್ರದ ಸೂತ್ರದಿಂದಲೇ ಇದನ್ನು ಪರಿಶೀಲಿಸಿಕೊಳ್ಳಬಹುದು: 2, ಪೈ, ಆವರ್ತನ, ಓಮ್ ಈ ನಾಲ್ಕನ್ನೂ ಗುಣಿಸಿ, ಬಂದುದರಿಂದ 1ನ್ನು ಭಾಗಿಸಿದರೆ ಕೆಪ್ಯಾಸಿಟರಿನ ಬೆಲೆ ಫ್ಯಾರಡ್‌ನಲ್ಲಿ ಸಿಗುತ್ತದೆ.

ಈ ಭಾಗಗಳಲ್ಲಿ ಮುಪ್ಪಾಗುವುದು ಯಾವುದು? ತಾಮ್ರದ ಸುರುಳಿಗೆ ಮುಪ್ಪಿಲ್ಲ. ತಂತಿ ತುಂಡಾಗದಿದ್ದರೆ, ಎನಾಮಲ್ ಸುಡದಿದ್ದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅದು ಹಾಗೆಯೇ ಇರುತ್ತದೆ. ಮುಪ್ಪಾಗುವುದು ಎಲೆಕ್ಟ್ರೊಲೈಟಿಕ್ ಕೆಪ್ಯಾಸಿಟರ್. ಅದರೊಳಗೆ ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರಾವಣದಲ್ಲಿ ನೆನೆದ ಕಾಗದವಿರುತ್ತದೆ. ರಬ್ಬರಿನ ಬಿರಡೆಯ ಮೂಲಕ ಆ ದ್ರಾವಣ ವರ್ಷವರ್ಷವೂ ಇಷ್ಟಿಷ್ಟೇ ಆರಿಹೋಗುತ್ತದೆ. ಸುತ್ತಲಿನ ಉಷ್ಣತೆ 10 ಡಿಗ್ರಿ ಹೆಚ್ಚಿದರೆ ಇದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಒಲೆಯ ಮೇಲಿನ ಅಟ್ಟ ಅಡಿಕೆಗೂ ಬೀಜದ ಭತ್ತಕ್ಕೂ ಒಳ್ಳೆಯ ಜಾಗ, ಕೆಪ್ಯಾಸಿಟರಿಗೆ ಅಲ್ಲ.

ಅಂದಿನ ದಿನಗಳಲ್ಲಿ ಎರಡೂ ದಿಕ್ಕಿಗೆ ಒಗ್ಗುವ ಕೆಪ್ಯಾಸಿಟರುಗಳು ಚಿಕ್ಕ ಊರುಗಳಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಸ್ಪೀಕರಿಗೆ ಹರಿಯುವುದು ದಿಕ್ಕು ಬದಲಿಸುವ ವಿದ್ಯುತ್ತು. ಧನ ಋಣ ಗುರುತಿನ ಒಂಟಿ ಕೆಪ್ಯಾಸಿಟರ್ ಅಲ್ಲಿ ನಿಲ್ಲದು. ಆದ್ದರಿಂದ ರೇಡಿಯೋಗೆ ಬಳಸುವ ಸಾಮಾನ್ಯ 10 ಮೈಕ್ರೋಫ್ಯಾರಡಿನ ಎರಡನ್ನು ಬೆನ್ನಿಗೆ ಬೆನ್ನು ಜೋಡಿಸಿ 5 ಮಾಡಿಕೊಳ್ಳುತ್ತಿದ್ದರು. ಮಾವನವರೂ ಹಾಗೆಯೇ ಮಾಡಿದ್ದರು.

ಇನ್ನು ನನ್ನ ತಪ್ಪು. ಹಳೆಯದನ್ನು ಕತ್ತರಿಸಿ ತೆಗೆದು, ಒಂದರ ಮೇಲೆ 10 ಎಂದಿರುವುದನ್ನು ನೋಡಿ, ಅಂಗಡಿಯಿಂದ 10 ಮೈಕ್ರೋಫ್ಯಾರಡಿನ ಒಳ್ಳೆಯ ಫಿಲ್ಮ್ ಕೆಪ್ಯಾಸಿಟರುಗಳನ್ನು ತಂದು ಹಾಕಿದೆ. ಜೋಡಿಯಾದಾಗ ಬೆಲೆ ಅರ್ಧವಾಗುತ್ತದೆಂಬುದನ್ನು ಯೋಚಿಸಲೇ ಇಲ್ಲ. ಧ್ವನಿ ಒಮ್ಮೆಲೇ ಹೊಳಪುಗೊಂಡಿತು. ಸಂತೋಷದಿಂದ ಶಬ್ದ ಏರಿಸಿದೆ. ಎರಡನೆಯ ಸಂಜೆ ಒಂದು ಟ್ವೀಟರ್ ಕರಕಲು ವಾಸನೆ ಬಿಟ್ಟು ಮೌನವಾಯಿತು. ಗಡಿ 4000ದಿಂದ 2000 ಹರ್ಟ್ಸ್‌ಗೆ ಇಳಿದಿತ್ತು. ತಗ್ಗಿನ ತರಂಗಗಳಲ್ಲಿ ಆ ಪುಟ್ಟ ಟ್ವೀಟರ್ ಮೊದಲಿಗಿಂತ ಸುಮಾರು ನಾಲ್ಕು ಪಟ್ಟು ಶಕ್ತಿಯನ್ನು ಹೊರಬೇಕಾಗಿ ಬಂದಿತ್ತು. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಸುರಿಯಬೇಡಿ ಎಂದು ವರ್ಷವಿಡೀ ರೈತರಿಗೆ ಹೇಳುವವನು ನಾನು. ನನ್ನ ಮನೆಯಲ್ಲಿ ನಾನೇ ಪರೀಕ್ಷೆಯಿಲ್ಲದೆ ಸುರಿದಿದ್ದೆ.

ತಲೆ ತಗ್ಗಿಸಿಕೊಂಡು ಮಾವನವರ ಮುಂದೆ ಹೋಗಿ ನಿಂತೆ. ಅವರು ಬೈಯಲಿಲ್ಲ. "ಹಿಂದಿನ ಹಲಗೆಯ ಒಳಮೈಯಲ್ಲಿ ಬರೆದಿಟ್ಟಿದ್ದೆನಲ್ಲೋ, ಓದಲಿಲ್ಲವೇನೋ?" ಎಂದರು. ಹಲಗೆಯನ್ನು ಬೆಳಕಿಗೆ ಹಿಡಿದೆ. ಸೀಸದಕಡ್ಡಿಯಲ್ಲಿ ನಕ್ಷೆಯೂ, ಬೆಲೆಗಳೂ, ಟ್ವೀಟರಿನ ಕೆಂಪು ತಂತಿ ಯಾವ ಕೊನೆಗೆ ಎಂಬುದೂ ಸ್ಪಷ್ಟವಾಗಿತ್ತು. ತಾನು ಮಾಡಿದ ವಸ್ತುವನ್ನು ಮುಂದೊಂದು ದಿನ ಇನ್ನೊಬ್ಬರು ಬಿಚ್ಚುವರು ಎಂದು ನೆನೆದು ಬರೆದಿಟ್ಟ ಬರಹ ಅದು. ಇಂದು ನಾವು ಕೊಳ್ಳುವ ಎಷ್ಟು ವಸ್ತುಗಳೊಳಗೆ ಅಂಥ ಬರಹವಿದೆ?

ಆ ಬಳಿಕ ಕ್ರಮವಾಗಿ ಕೆಲಸ ಮಾಡಿದೆ. ಆ ಕ್ರಮವನ್ನೇ ಈಗ ಹೇಳುತ್ತೇನೆ. ಮಧ್ಯಾಹ್ನ ನೀವೇ ಕೈಯಿಂದ ಮಾಡುವಿರಿ.

ಮೊದಲನೆಯದು, ಸರಿಯಾಗಿ ಕೇಳುವುದು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯನ್ನು ನಮ್ಮ ಹಿರಿಯರು ಕೇಳಿದ್ದು ಮಧ್ಯಮ ತರಂಗದ 675 ಕಿಲೋಹರ್ಟ್ಸ್‌ನಲ್ಲಿ. ಮಧ್ಯಮ ತರಂಗದಲ್ಲಿ ನಿಲಯ ನಿಲಯಗಳ ನಡುವಿನ ಅಂತರ 9 ಕಿಲೋಹರ್ಟ್ಸ್ ಮಾತ್ರವಾದ್ದರಿಂದ ಸಾಮಾನ್ಯ ರೇಡಿಯೋದಲ್ಲಿ ಸುಮಾರು 4500 ಹರ್ಟ್ಸ್‌ಗಿಂತ ಮೇಲಿನ ಸ್ವರ ಬರುವುದೇ ಅಪರೂಪ. ಟ್ವೀಟರ್ ಸತ್ತಿದ್ದರೂ ಅಲ್ಲಿ ಗೊತ್ತಾಗದು. ಎಷ್ಟೋ ಮನೆಗಳಲ್ಲಿ ದೋಷ ವರ್ಷಗಟ್ಟಲೆ ತಿಳಿಯದೆ ಉಳಿದದ್ದು ಹೀಗೆ. ಆದ್ದರಿಂದ ಎಫ್.ಎಂ. ಅಥವಾ ಸಿ.ಡಿ.ಯಲ್ಲಿ ಮಾತು ಕೇಳಿ. ಸ, ಷ, ಚ ಅಕ್ಷರಗಳು ಮಂಕಾಗಿವೆಯೇ, ಚಂಡೆಯ ಪೆಟ್ಟಿನ ಅಂಚು ಮೊಂಡಾಗಿದೆಯೇ ಎಂದು ಗಮನಿಸಿ. ಎರಡು ಪೆಟ್ಟಿಗೆಗಳನ್ನು ಒಂದೊಂದಾಗಿ ಹೋಲಿಸಿ.

ಎರಡನೆಯದು, ಕಣ್ಣಿನಿಂದ ನೋಡುವುದು. ಆಂಪ್ಲಿಫೈಯರಿನ ಪ್ಲಗ್ ಕಿತ್ತು, ತಂತಿಗಳನ್ನು ಬಿಡಿಸಿ, ಪೆಟ್ಟಿಗೆಯನ್ನು ತೆರೆಯಿರಿ. ಯಾವುದನ್ನೂ ಕತ್ತರಿಸುವ ಮುನ್ನ ನಕ್ಷೆ ಬರೆದುಕೊಳ್ಳಿ, ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಕೆಲವು ವಿನ್ಯಾಸಗಳಲ್ಲಿ ಟ್ವೀಟರಿನ ಧನ ಋಣಗಳನ್ನು ಬೇಕೆಂದೇ ತಿರುಗಿಸಿರುತ್ತಾರೆ. ಅದನ್ನು ತಪ್ಪೆಂದು ತಿಳಿದು ಸರಿಪಡಿಸಬೇಡಿ. ಮಲೆನಾಡಿನ ತೇವಕ್ಕೆ ಬೆಸುಗೆಗಳ ಮೇಲೆ ಹಸಿರು ಕಿಲುಬು ಹಿಡಿದಿರುತ್ತದೆ. ಗಾಳಿಯ ಕೊಳವೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಕೋನಿನ ಅಂಚು ಸ್ಪಂಜಿನದಾದರೆ ತೇವದಿಂದ ಪುಡಿಯಾಗಿರುತ್ತದೆ. ಬಟ್ಟೆಯದಾದರೆ, ರಬ್ಬರಿನದಾದರೆ ಬಹುಕಾಲ ಬಾಳುತ್ತದೆ. ಎಷ್ಟೋ ಸಲ ಕಿಲುಬು ಕೆರೆದು ಬೆಸುಗೆಯನ್ನು ಹೊಸದಾಗಿ ಹಾಕಿದರೆ ಅರ್ಧ ರೋಗ ಅಲ್ಲೇ ಗುಣವಾಗುತ್ತದೆ.

ಮೂರನೆಯದು, ಅಳೆಯುವುದು. ಕೆಪ್ಯಾಸಿಟರ್ ಅಳೆಯುವ ಸೌಲಭ್ಯವುಳ್ಳ ಮಲ್ಟಿಮೀಟರ್ ಶಾಲೆಗೊಂದು, ಊರಿಗೊಂದು ಇದ್ದರೆ ಸಾಕು. ಕೆಪ್ಯಾಸಿಟರಿನ ಒಂದು ಕಾಲನ್ನು ಬಿಡಿಸಿ ಅಳೆಯಿರಿ. ಬಿಡಿಸದಿದ್ದರೆ ಜೊತೆಯ ಭಾಗಗಳೂ ಲೆಕ್ಕಕ್ಕೆ ಸೇರಿಬಿಡುತ್ತವೆ. ಮಾವನವರ ಜೋಡಿ 5ರ ಬದಲು 3 ತೋರಿಸಿತು. ಅಂದರೆ ಟ್ವೀಟರಿನ ಗಡಿ 4000ದಿಂದ 6600 ಹರ್ಟ್ಸ್‌ಗೆ ಏರಿತ್ತು. ವೂಫರ್ ಮಾತ್ರ ಹಳೆಯ ಗಡಿಯಲ್ಲೇ ನಿಂತಿತ್ತು. ನಡುವಿನ ಹೊಲಕ್ಕೆ ನೀರು ಹಾಯಿಸುವವರೇ ಇರಲಿಲ್ಲ. ಇದಲ್ಲದೆ ದ್ರಾವಣ ಒಣಗಿದಾಗ ಕೆಪ್ಯಾಸಿಟರಿನ ಒಳತಡೆಯೂ ಏರುತ್ತದೆ. 8 ಓಮ್ ಟ್ವೀಟರಿನ ಮುಂದೆ 2 ಓಮ್ ಒಳತಡೆ ಬಂದು ನಿಂತರೆ ಟ್ವೀಟರಿಗೆ ತಲಪುವ ಶಕ್ತಿಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನಷ್ಟ. ಈ ಒಳತಡೆಯನ್ನು ಸಾಮಾನ್ಯ ಮೀಟರ್ ತೋರಿಸದು. ಆದ್ದರಿಂದ ಮೂವತ್ತು ವರ್ಷ ದಾಟಿದ ಎಲೆಕ್ಟ್ರೊಲೈಟಿಕ್ ಸರಿಯಾದ ಬೆಲೆ ತೋರಿಸಿದರೂ ಬದಲಿಸುವುದು ಲೇಸು. ಟ್ವೀಟರನ್ನೂ ಬಿಡಿಯಾಗಿ ಓಮ್ ಮಾಪನದಲ್ಲಿ ನೋಡಿ. 8 ಓಮ್ ಎಂದು ಬರೆದಿರುವುದು ಸುಮಾರು 6 ಓಮ್ ತೋರಿಸಿದರೆ ಆರೋಗ್ಯವಾಗಿದೆ. ಏನೂ ತೋರಿಸದಿದ್ದರೆ ಸುರುಳಿ ಕಡಿದಿದೆ.

ನಾಲ್ಕನೆಯದು, ಬೇಕಾದಷ್ಟನ್ನೇ ಬದಲಿಸುವುದು. ಬದಲಿಗೆ ಪಾಲಿಪ್ರೊಪಿಲೀನ್ ಫಿಲ್ಮಿನ ಕೆಪ್ಯಾಸಿಟರ್ ಹಾಕಿ. ಅದರಲ್ಲಿ ಆರಿಹೋಗುವ ದ್ರಾವಣವಿಲ್ಲ. ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಯೂ ಇಲ್ಲ. ಸೀಲಿಂಗ್ ಫ್ಯಾನಿಗೆ ಹಾಕುವ 2.5 ಮೈಕ್ರೋಫ್ಯಾರಡಿನ ಕೆಪ್ಯಾಸಿಟರ್ ಇದೇ ಜಾತಿಯದು; ಪ್ರತಿ ಪೇಟೆಯ ವಿದ್ಯುತ್ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ. ಎರಡನ್ನು ಪಕ್ಕಪಕ್ಕದಲ್ಲಿ ಸಮಾಂತರವಾಗಿ ಜೋಡಿಸಿದರೆ 5 ಆಯಿತು. ಅದು 440 ವೋಲ್ಟಿಗೆ ಮಾಡಿದ್ದು. ನಮ್ಮ ಮನೆಯ ಸ್ಪೀಕರಿಗೆ 63 ಅಥವಾ 100 ವೋಲ್ಟಿನದೇ ಸಾಕು. ಹೊಸದನ್ನೇ ಕೊಳ್ಳಿ, ಕೆಟ್ಟ ಫ್ಯಾನಿನಿಂದ ಕಿತ್ತದ್ದು ಬೇಡ. ಎರಡೂ ಪೆಟ್ಟಿಗೆಗಳಲ್ಲಿ ಒಂದೇ ಸಲ, ಒಂದೇ ಬಗೆಯದನ್ನು ಹಾಕಿ. ಹೊಸ ಕೆಪ್ಯಾಸಿಟರಿನ ಒಳತಡೆ ಬಹಳ ಕಡಿಮೆಯಾದ್ದರಿಂದ ಕೆಲವೊಮ್ಮೆ ಟ್ವೀಟರ್ ಕಿವಿಗೆ ಚುಚ್ಚುವುದುಂಟು. ಆಗ 1 ಓಮ್, 5 ವ್ಯಾಟಿನ ತಂತಿಸುತ್ತಿನ ರೆಸಿಸ್ಟರ್ ಒಂದನ್ನು ಅದರ ಸಾಲಿನಲ್ಲಿ ಸೇರಿಸಿದರೆ ಹದವಾಗುತ್ತದೆ.

ತಾಮ್ರದ ಸುರುಳಿಯನ್ನು ಮುಟ್ಟಬೇಡಿ. ಬೆಸುಗೆಗೆ ರಾಳದ ಫ್ಲಕ್ಸ್ ಬಳಸಿ. ತಗಡಿನ ಕೆಲಸದವರ ಆಮ್ಲ ಬಳಸಿದರೆ ಎರಡೇ ಮಳೆಗಾಲದಲ್ಲಿ ತಂತಿ ಕಿಲುಬಿ ಹೋಗುತ್ತದೆ. ಹಳೆಯ ಬೆಸುಗೆಯಲ್ಲಿ ಸೀಸವಿರುತ್ತದೆ. ಕಿಟಕಿ ತೆರೆದಿಡಿ, ಕೈ ತೊಳೆಯದೆ ಎಲೆಯಡಿಕೆಗೂ ಕೈ ಹಾಕಬೇಡಿ, ಎಳೆಯ ಮಕ್ಕಳನ್ನು ದೂರವಿಡಿ. ಕೊನೆಗೆ ಹಲಗೆಯ ಒಳಮೈಯಲ್ಲಿ ನೀವು ಮಾಡಿದ್ದನ್ನೂ ಇಸವಿಯನ್ನೂ ಬರೆಯಿರಿ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ದುರಸ್ತಿಯ ರುಚಿ ಹತ್ತಿದವರಿಗೆ ಸುಧಾರಣೆಯ ಹುಚ್ಚು ಹಿಡಿಯುವುದು ಸುಲಭ. ಸಾವಿರಾರು ರೂಪಾಯಿಯ ಹೊರದೇಶದ ಕೆಪ್ಯಾಸಿಟರ್, ಹೆಬ್ಬೆರಳು ಗಾತ್ರದ ತಾಮ್ರದ ತಂತಿ ಎಂದೆಲ್ಲ ಕೊಳ್ಳುತ್ತ ಹೋದರೆ ಎಸೆಯುವವನಿಗೂ ನಮಗೂ ಭೇದ ಉಳಿಯದು. ಬೆಲೆ ಸರಿಯಿದ್ದು ಒಳತಡೆ ಕಡಿಮೆಯಿದ್ದರೆ ಅಗ್ಗದ ಫಿಲ್ಮಿಗೂ ದುಬಾರಿ ಫಿಲ್ಮಿಗೂ ಇರುವ ಅಂತರವನ್ನು ಕಿವಿ ಗುರುತಿಸುವುದು ಕಷ್ಟ. ನಂಬದಿದ್ದರೆ ಮನೆಯವರಿಂದ ಒಂದು ಪರೀಕ್ಷೆ ಮಾಡಿಸಿ: ನೀವು ಗೋಡೆಯ ಕಡೆಗೆ ಮುಖ ಮಾಡಿ ಕೂರಿ, ಅವರು ಹೇಳದೆ ಬದಲಿಸಲಿ. ನಾನು ಹತ್ತು ಸಲದಲ್ಲಿ ಐದು ಸಲ ಸರಿಯಾಗಿ ಹೇಳಿದೆ. ಅಂದರೆ ನಾಣ್ಯ ಚಿಮ್ಮಿದಷ್ಟೇ ನನ್ನ ಪಾಂಡಿತ್ಯ.

ಇಷ್ಟು ಚಿಕ್ಕ ಕೆಲಸವನ್ನು ಪರಿಸರದ ವೇದಿಕೆಗೆ ಏಕೆ ತರಬೇಕು? ಈ ಪೆಟ್ಟಿಗೆಯಲ್ಲಿ ಏನಿದೆ ನೋಡಿ: ಕಬ್ಬಿಣ, ಕಾಗದ, ತಾಮ್ರ, ಮರ. ಮೊದಲೆರಡರ ಕಥೆ ನಮ್ಮ ಭದ್ರಾವತಿಯದೇ ಕಥೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಅದಿರನ್ನು ಕೆಮ್ಮಣ್ಣುಗುಂಡಿಯಿಂದ ತರಿಸಿ, ಮಲೆನಾಡಿನ ಮರವನ್ನು ಸುಟ್ಟ ಇದ್ದಿಲಿನಿಂದ ಕರಗಿಸಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ನಮ್ಮ ಬಿದಿರನ್ನು ಅರೆಯಿತು. ಮುಂದೆ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಬೆಟ್ಟಗಳನ್ನು ಆವರಿಸಿದವು. ಆ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಇವು ಸಾವಿರಾರು ಸಂಸಾರಗಳಿಗೆ ಅನ್ನ ಕೊಟ್ಟಿವೆ. ನನ್ನ ಮಾವನವರ ಮನೆಗೂ ಕೊಟ್ಟಿವೆ. ಆ ಋಣವನ್ನು ಮರೆತು ಮಾತನಾಡುವುದು ಸಲ್ಲದು. ಆದರೆ ಕಬ್ಬಿಣಕ್ಕೂ ಕಾಗದಕ್ಕೂ ಬೆಲೆ ತೆತ್ತದ್ದು ಕಾಡು ಎಂಬುದನ್ನು ಮರೆಯುವುದೂ ಸಲ್ಲದು. ಕುದುರೆಮುಖದ ಗಣಿಯ ಹೂಳು ಭದ್ರೆಯ ನೀರಿಗಿಳಿದದ್ದನ್ನು ಕಂಡವರು ಇಲ್ಲಿದ್ದಾರೆ; 2005ರ ಕೊನೆಗೆ ಆ ಗಣಿ ನಿಲ್ಲುವವರೆಗೂ ಹೋರಾಡಿದವರಿದ್ದಾರೆ. ತಾಮ್ರದ ಮಾತೂ ಹಾಗೆಯೇ. ಜಗತ್ತಿನ ಬಹಳಷ್ಟು ಗಣಿಗಳ ಅದಿರಿನಲ್ಲಿ ಇಂದು ತಾಮ್ರವಿರುವುದು ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ. ಒಂದು ಕಿಲೋ ತಾಮ್ರಕ್ಕೆ ನೂರು ಕಿಲೋಗೂ ಹೆಚ್ಚು ಬಂಡೆ ಪುಡಿಯಾಗಬೇಕು. ಈ ಸುರುಳಿ ಯಾವುದೋ ಒಂದು ಬೆಟ್ಟದ ತುಂಡು.

ವಿಶ್ವಸಂಸ್ಥೆಯ ಅಂಗಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಹುಟ್ಟಿಸಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡಾ 22.3 ಮಾತ್ರ. ಉಳಿದದ್ದರಲ್ಲಿ ಒಂದು ಪಾಲು ಊರ ಹೊರಗೆ ಬೆಂಕಿಗೆ ಬೀಳುತ್ತದೆ. ತಾಮ್ರಕ್ಕಾಗಿ ತಂತಿಯ ಪ್ಲಾಸ್ಟಿಕ್ ಸುಡುವ ಹೊಗೆಯಲ್ಲಿ ಡಯಾಕ್ಸಿನ್ ಇರುತ್ತದೆ. ಅದನ್ನು ಉಸಿರಾಡುವುದು ಗುಜರಿ ಆಯುವ ಬಡ ಮಕ್ಕಳು. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮಗಳು ಜಾರಿಗೆ ಬಂದಿವೆ. ಅವು ಅಗತ್ಯ. ಆದರೆ ನಿಯಮ ಹೆಚ್ಚಾಗಿ ಕೆಲಸ ಮಾಡುವುದು ವಸ್ತು ತ್ಯಾಜ್ಯವಾದ ಮೇಲೆ. ತ್ಯಾಜ್ಯವಾಗದಂತೆ ತಡೆಯುವುದು ನಮ್ಮ ನಿಮ್ಮ ಕೈ.

ಮನೆಯ ಫ್ಯಾನು ನಿಧಾನವಾದರೆ ನಾವೇನು ಮಾಡುತ್ತೇವೆ? ಕೆಪ್ಯಾಸಿಟರ್ ಬದಲಿಸುತ್ತೇವೆ. ಅದಕ್ಕೆಂದು ಫ್ಯಾನನ್ನೇ ಎಸೆದವರನ್ನು ನಾನು ನೋಡಿಲ್ಲ. ಆ ವಿವೇಕ ನಮ್ಮಲ್ಲಿ ಈಗಾಗಲೇ ಇದೆ. ಅದನ್ನೇ ಸ್ಪೀಕರಿಗೆ, ಮಿಕ್ಸಿಗೆ, ಪಂಪ್‌ಸೆಟ್ಟಿಗೆ ವಿಸ್ತರಿಸಬೇಕು, ಅಷ್ಟೆ. ಇದಕ್ಕೆ ಅಡ್ಡ ಬರುತ್ತಿರುವುದು ಎರಡು. ಬಿಚ್ಚಲಾಗದಂತೆ ಅಂಟಿಸಿ ಮಾಡುವ ವಸ್ತುಗಳು ಒಂದು. ಬಿಚ್ಚಲು ಬಲ್ಲವರು ಕಡಿಮೆಯಾಗುತ್ತಿರುವುದು ಇನ್ನೊಂದು. ನನ್ನ ಮಗ ಕೊಂಡ ಪ್ಲಾಸ್ಟಿಕ್ ಬ್ಲೂಟೂತ್ ಸ್ಪೀಕರ್ ಎರಡು ವರ್ಷಕ್ಕೆ ಮೂಕವಾಯಿತು. ಅದಕ್ಕೆ ತಿರುಪೇ ಇಲ್ಲ, ತೆರೆಯಬೇಕಾದರೆ ಒಡೆಯಬೇಕು. ಹಳೆಯ ರೇಡಿಯೋ ರಿಪೇರಿಯವರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚುತ್ತಿದ್ದಾರೆ. ಅವರ ಕೈಯ ವಿದ್ಯೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಪೇಟೆಯಲ್ಲಿ ಅಂಥವರು ಒಬ್ಬರಾದರೂ ಉಳಿದಿದ್ದರೆ ರಜೆಯ ದಿನಗಳಲ್ಲಿ ಹೋಗಿ ಅವರ ಪಕ್ಕದಲ್ಲಿ ಕೂತು ಕಲಿಯಿರಿ.

ಸರಿಯಾದ ಪೆಟ್ಟಿಗೆಯನ್ನು ಊರಿಗೆಲ್ಲ ಕೇಳುವಂತೆ ಹಾಕಬೇಡಿ ಎಂಬ ಮಾತನ್ನೂ ಸೇರಿಸುತ್ತೇನೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಒಳ್ಳೆಯ ಧ್ವನಿಗೆ ಜೋರು ಬೇಕಿಲ್ಲ. ಸರಿಯಾಗಿ ಹಂಚಿದ ಧ್ವನಿ ಮೆಲ್ಲಗಿದ್ದರೂ ಸ್ಪಷ್ಟ.

ನನ್ನ ಕಥೆಯ ಕೊನೆಯನ್ನು ಹೇಳಿ ಮುಗಿಸುತ್ತೇನೆ. ಸುಟ್ಟ ಟ್ವೀಟರಿನ ಬದಲಿಗೆ ಹಳೆಯ ಅಂಗಡಿಯೊಂದರ ಮೂಲೆಯಲ್ಲಿ ಅದೇ ಮಾದರಿಯದು ಸಿಕ್ಕಿತು. ಫ್ಯಾನಿನ ನಾಲ್ಕು ಕೆಪ್ಯಾಸಿಟರುಗಳು, ಒಂದು ಟ್ವೀಟರ್, ಒಂದಿಷ್ಟು ಬೆಸುಗೆ. ಖರ್ಚಾದದ್ದು ಇಷ್ಟಕ್ಕೆ ಮಾತ್ರ. ಪೆಟ್ಟಿಗೆಗಳನ್ನು ನಡುಮನೆಯಲ್ಲಿಟ್ಟು ಮಾವನವರನ್ನು ಕರೆದು ಕೂರಿಸಿದೆ. ಅವರ ಕಿವಿ ಈಗ ಮಂದ; ಏರುಸ್ವರ ಅವರಿಗೆ ಹೆಚ್ಚಾಗಿ ಕೇಳಿಸದು. ಹಾಡು ಮುಗಿಯುವವರೆಗೂ ಸುಮ್ಮನೆ ಕೂತಿದ್ದರು. ಬಳಿಕ ಎದ್ದು ಪೆಟ್ಟಿಗೆಯ ಹಿಂಬದಿಗೆ ಹೋಗಿ, "ನೀನು ಬರೆದೆಯೇನೋ ಒಳಗೆ?" ಎಂದು ಕೇಳಿದರು. ಬರೆದಿದ್ದೇನೆ ಮಾವ ಎಂದೆ. "ಹಾಗಾದರೆ ಸರಿ" ಎಂದರು.

ಮಧ್ಯಾಹ್ನದ ಊಟದ ನಂತರ ನೀವು ತಂದಿರುವ ಪೆಟ್ಟಿಗೆಗಳನ್ನು ಬಿಚ್ಚೋಣ. ಮೀಟರ್ ಇದೆ, ಬೆಸುಗೆಯ ಕಡ್ಡಿ ಇದೆ, ಸೀಸದಕಡ್ಡಿಯೂ ಇದೆ.